ಚಿಹ್ನೆ ಮೊದಲೋ, ಪದ ಮೊದಲೋ? ಕಾಂಜಿಯ ಸ್ವಯಂಕಲಿಕೆ ಮತ್ತು ವಿಜಯಪುರ ಸೀಮೆಯ ಶಾಸನಲಿಪಿಯ ಓದು: ಒಂದು ವಿಮರ್ಶೆ

ಸಾರಾಂಶ

ಗುರುವಿನ ನೆರವಿಲ್ಲದೆ ಜಪಾನಿ ಕಾಂಜಿಗಳನ್ನು ಕಲಿಯುವವರಿಗಾಗಿ ರೂಪುಗೊಂಡ ಕ್ರಮಗಳಲ್ಲಿ ಜೇಮ್ಸ್ ಹೈಸಿಗ್ ಅವರ ಸೂಚಕಪದ ವಿಧಾನವು ವ್ಯಾಪಕ ಪ್ರಚಾರ ಪಡೆದಿದೆ. ಚಿಹ್ನೆಯ ರೂಪ ಮತ್ತು ಅರ್ಥವನ್ನು ಮೊದಲು ಕಲಿತು ಉಚ್ಚಾರವನ್ನು ಅನಂತರ ಕಲಿಯಬೇಕೆಂಬುದು ಅದರ ತಿರುಳು. ಹಳಗನ್ನಡ ಶಾಸನಗಳನ್ನು ತಾವೇ ಓದಲು ಕಲಿಯಬಯಸುವವರ ಕೈಗೆ ದೊರೆಯುವ ಲಿಪಿವಿಕಾಸದ ಪಟ್ಟಿಗಳೂ ಇದೇ ಗ್ರಹಿಕೆಯ ಮೇಲೆ ನಿಂತಿವೆ ಎಂಬುದು ಈ ಲೇಖನದ ವಾದ. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಶಾಸನಗಳ ಹಿನ್ನೆಲೆಯಲ್ಲಿ ಈ ಗ್ರಹಿಕೆಯ ಬಲ ಹಾಗೂ ಮಿತಿಗಳನ್ನು ಪರಿಶೀಲಿಸಿ, ಪದದಿಂದ ಆರಂಭವಾಗಿ ಚಿಹ್ನೆಯಲ್ಲಿ ಮುಗಿಯುವ ಎರಡು ಸುತ್ತಿನ ಓದನ್ನು ಇಲ್ಲಿ ಪ್ರತಿಪಾದಿಸಲಾಗಿದೆ.

ಕೀಲಿಪದಗಳು: ಕಾಂಜಿ, ಅಕ್ಷರ, ಪದಲಿಪಿ, ಶಾಸನಲಿಪಿ, ಸ್ವಯಂಕಲಿಕೆ, ಪಾಠನಿರ್ಣಯ

1. ಪ್ರಸ್ತಾವನೆ

ಭಾಷೆಯೊಂದನ್ನು ಕಲಿಯುವುದು ಮತ್ತು ಅದರ ಲಿಪಿಯನ್ನು ಕಲಿಯುವುದು ಬೇರೆ ಬೇರೆ ಕೆಲಸಗಳೇ ಎಂಬ ಪ್ರಶ್ನೆಯು ಮಕ್ಕಳ ವಿಷಯದಲ್ಲಿ ಏಳುವುದು ಕಡಿಮೆ. ಶಾಲೆಗೆ ಬರುವ ಮಗುವಿಗೆ ಮಾತು ಮೊದಲೇ ಗೊತ್ತಿರುತ್ತದೆ. ಅಕ್ಷರವು ಗೊತ್ತಿರುವ ಮಾತಿನ ಮೇಲೆ ಕೂಡುತ್ತದೆ. ಸ್ವಂತ ಪ್ರಯತ್ನದಿಂದ ಹೊಸ ಲಿಪಿಯನ್ನು ಕಲಿಯುವ ವಯಸ್ಕರ ಸ್ಥಿತಿ ಹಾಗಲ್ಲ. ಅವರಿಗೆ ಲಿಪಿಯೂ ಹೊಸತು, ಆ ಲಿಪಿ ಹೊತ್ತಿರುವ ಭಾಷೆಯೂ ಪೂರ್ತಿಯಾಗಿಯೋ ಭಾಗಶಃವೋ ಹೊಸತು. ಎರಡನ್ನೂ ಒಟ್ಟಿಗೆ ಕಲಿಯುವ ಭಾರವನ್ನು ತಗ್ಗಿಸಲೆಂದು ಸ್ವಯಂಕಲಿಕೆಯ ಪುಸ್ತಕಗಳು ಲಿಪಿಯನ್ನು ಭಾಷೆಯಿಂದ ಬಿಡಿಸಿ ಕೊಡುತ್ತವೆ. ಈ ಬಿಡಿಸುವಿಕೆ ಎಷ್ಟರಮಟ್ಟಿಗೆ ಸಾಧುವೆಂಬುದೇ ಇಲ್ಲಿನ ಚರ್ಚೆಯ ವಿಷಯ.

ಇದಕ್ಕಾಗಿ ಎರಡು ಸಂದರ್ಭಗಳನ್ನು ಆಯ್ದುಕೊಳ್ಳಲಾಗಿದೆ. ಮೊದಲನೆಯದು ಜಪಾನಿ ಭಾಷೆಯ ಕಾಂಜಿ. ಎರಡನೆಯದು ವಿಜಯಪುರ ಜಿಲ್ಲೆಯ ನಾಲ್ಕು ತಾಲೂಕುಗಳಲ್ಲಿರುವ ರಾಷ್ಟ್ರಕೂಟ, ಕಲ್ಯಾಣ ಚಾಲುಕ್ಯ ಹಾಗೂ ಕಲಚುರಿ ಕಾಲದ ಶಾಸನಗಳ ಲಿಪಿ. ಇವು ಒಂದೇ ಕುಲದ ಲಿಪಿಗಳಲ್ಲ. ಆದರೆ ಕಲಿಯುವವರ ಎದುರು ಇವು ಒಡ್ಡುವ ತೊಡಕುಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ, ಒಂದರ ಚರ್ಚೆಯಲ್ಲಿ ಮರೆಯಾಗಿ ಉಳಿದ ಸಂಗತಿ ಇನ್ನೊಂದರಲ್ಲಿ ಸ್ಪಷ್ಟವಾಗುತ್ತದೆ.

ಈ ಪ್ರಶ್ನೆಯು ಬೋಧನೆಗೆ ಮಾತ್ರ ಸಂಬಂಧಿಸಿದ್ದಲ್ಲ. ಊರಿನ ಶಾಸನವನ್ನು ಊರಿನವರೇ ಓದಬಲ್ಲರಾದರೆ ಆ ಕಲ್ಲು ಉಳಿಯುವ ಸಂಭವ ಹೆಚ್ಚು. ಆದರೆ ಅವರ ಓದು ತಪ್ಪಿದರೆ ಆ ತಪ್ಪು ಗ್ರಾಮಚರಿತ್ರೆಗೂ, ಮುಂದೆ ಕನ್ನಡದ ಭಾಷಾಚರಿತ್ರೆಗೂ ಸಾಕ್ಷ್ಯವಾಗಿ ಸೇರಿಬಿಡುತ್ತದೆ. ಆದ್ದರಿಂದ ಯಾವ ಕ್ರಮದಲ್ಲಿ ಕಲಿಯಬೇಕೆಂಬುದು ಭಾಷಾವಿಜ್ಞಾನಿಗಳೂ ಕೇಳಿಕೊಳ್ಳಬೇಕಾದ ಪ್ರಶ್ನೆ.

2. ಸೂಚಕಪದ ವಿಧಾನದ ಬಲ ಮತ್ತು ಮಿತಿ

ಜಪಾನ್ ಸರ್ಕಾರವು 2010ರಲ್ಲಿ ಪರಿಷ್ಕರಿಸಿದ ಜೋಯೋ ಕಾಂಜಿ ಪಟ್ಟಿಯಲ್ಲಿ 2136 ಚಿಹ್ನೆಗಳಿವೆ. ಅವುಗಳಿಗೆ ಅಧಿಕೃತವಾಗಿ ಒಪ್ಪಿತವಾದ ಓದುಗಳು 4388: ಚೀನೀ ಮೂಲದ ಓನ್ ಓದುಗಳು 2352, ದೇಶ್ಯ ಪದಗಳಾದ ಕುನ್ ಓದುಗಳು 2036. ಜಪಾನಿ ಮಕ್ಕಳು ಇವುಗಳಲ್ಲಿ 1026 ಚಿಹ್ನೆಗಳನ್ನು ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಕಲಿಯುತ್ತಾರೆ. ಸ್ವಂತವಾಗಿ ಕಲಿಯುವ ವಿದೇಶೀಯರಿಗೆ ಈ ಸಂಖ್ಯೆಗಳೇ ಮೊದಲ ಅಡ್ಡಿ.

ನಾಗೋಯಾದ ನಾನ್‌ಜಾನ್ ಸಂಸ್ಥೆಯ ವಿದ್ವಾಂಸರಾದ ಹೈಸಿಗ್ ಅವರ ಪುಸ್ತಕ 1977ರಲ್ಲಿ ಮೊದಲು ಪ್ರಕಟವಾಯಿತು. ಅದು ಈ ಅಡ್ಡಿಯನ್ನು ಎರಡಾಗಿ ಒಡೆಯಿತು. ಮೊದಲ ಸಂಪುಟದಲ್ಲಿ ಉಚ್ಚಾರವೇ ಇಲ್ಲ. ಪ್ರತಿ ಕಾಂಜಿಯನ್ನೂ ಅದರ ಘಟಕಗಳಾಗಿ ಬಿಡಿಸಲಾಗುತ್ತದೆ. ಪ್ರತಿ ಘಟಕಕ್ಕೂ ಒಂದು ಹೆಸರು. ಇಡೀ ಚಿಹ್ನೆಗೆ ಇಂಗ್ಲಿಷಿನ ಒಂದು ಸೂಚಕಪದ. ಘಟಕಗಳ ಹೆಸರುಗಳನ್ನು ಹೆಣೆದ ಕಥೆಯೊಂದರ ಮೂಲಕ ಚಿಹ್ನೆಯನ್ನು ನೆನಪಿನಲ್ಲಿ ಇಡಬೇಕು. ಚಿಹ್ನೆಗಳ ಅನುಕ್ರಮವೂ ಬಳಕೆಯ ಆವರ್ತನವನ್ನು ಅನುಸರಿಸದೆ ಘಟಕಗಳ ಸರಳತೆಯನ್ನು ಅನುಸರಿಸುತ್ತದೆ.

ಈ ವಿಧಾನದ ಬಲವನ್ನು ಅಲ್ಲಗಳೆಯಲಾಗದು. ಒಂದೇ ರೇಖೆಯ ಅಂತರದಿಂದ ಬೇರೆಯಾಗುವ ಚಿಹ್ನೆಗಳನ್ನು ಹರಳು ಆರಿಸಿದಂತೆ ಬಿಡಿಸಿ ನೋಡುವ ಅಭ್ಯಾಸ ಇದರಿಂದ ಬರುತ್ತದೆ. ವಯಸ್ಕರು ಮಕ್ಕಳಂತೆ ನೂರು ಸಲ ಬರೆದು ಕಲಿಯಬೇಕಾಗಿಲ್ಲ, ವಿಶ್ಲೇಷಣೆಯ ಶಕ್ತಿಯನ್ನು ಬಳಸಬಹುದು ಎಂಬ ಅದರ ತಿಳಿವಳಿಕೆಯೂ ಸರಿಯಾದದ್ದೇ.

ಮಿತಿ ಇರುವುದು ಬೇರೆ ಕಡೆ. ‘ಹುಟ್ಟು, ಬದುಕು’ ಎಂಬ ಅರ್ಥವಲಯದ ಕಾಂಜಿಯೊಂದನ್ನು ತೆಗೆದುಕೊಳ್ಳಬಹುದು. ‘ವಿದ್ಯಾರ್ಥಿ’ ಎಂಬರ್ಥದ ‘ಗಾಕುಸೇ’ಯಲ್ಲಿ ಅದರ ಓದು ‘ಸೇ’. ‘ಬದುಕು’ ಎಂಬ ಕ್ರಿಯಾಪದ ‘ಇಕಿರು’ವಿನಲ್ಲಿ ‘ಇ’. ‘ಹುಟ್ಟು’ ಎಂಬ ‘ಉಮಾರೆರು’ವಿನಲ್ಲಿ ‘ಉ’. ‘ಹಸಿ ಮೊಟ್ಟೆ’ ಎಂಬರ್ಥದ ‘ನಾಮಾತಾಮಾಗೊ’ದಲ್ಲಿ ‘ನಾಮಾ’. ಕನ್ನಡದಲ್ಲಿ ಇದಕ್ಕೆ ‘ಹುಟ್ಟು’ ಎಂಬ ಸೂಚಕಪದ ಕೊಟ್ಟರೆ ‘ಹಸಿ’ ಹೊರಗೆ ಉಳಿಯುತ್ತದೆ. ‘ಹಸಿ’ ಎಂದು ಕೊಟ್ಟರೆ ‘ವಿದ್ಯಾರ್ಥಿ’ ಅರ್ಥವಾಗುವುದಿಲ್ಲ. ಚಿಹ್ನೆಗೆ ತನ್ನದೇ ಆದ ಒಂದು ಅರ್ಥವಿದೆ, ಓದುಗಳು ಅದಕ್ಕೆ ಹೊರಗಿನಿಂದ ಅಂಟಿಕೊಂಡಿವೆ ಎಂಬ ಊಹೆಯೇ ಇಲ್ಲಿ ಕುಸಿಯುತ್ತದೆ. ಅರ್ಥವಿರುವುದು ಪದಕ್ಕೆ, ಚಿಹ್ನೆಯು ಆ ಪದದ ಬರಹದ ಒಂದು ಭಾಗ. ಜಾನ್ ಡಿಫ್ರಾನ್ಸಿಸ್ 1984ರಲ್ಲಿಯೂ, ಮಾರ್ಷಲ್ ಅಂಗರ್ 2004ರಲ್ಲಿಯೂ ಭಾವಲಿಪಿ ಎಂಬ ಕಲ್ಪನೆಯನ್ನು ಟೀಕಿಸಿದ್ದು ಇದೇ ನೆಲೆಯಿಂದ.

ಎರಡನೆಯ ಮಿತಿ ಧ್ವನಿಗೆ ಸಂಬಂಧಿಸಿದ್ದು. ಕಾಂಜಿಗಳಲ್ಲಿ ಬಹುಪಾಲು ಚಿಹ್ನೆಗಳು ಅರ್ಥಸೂಚಕ ಘಟಕವೊಂದು, ಧ್ವನಿಸೂಚಕ ಘಟಕವೊಂದು ಕೂಡಿ ಆದವು. ‘ನೀಲಿ’ ಎಂಬರ್ಥದ, ‘ಸೇ’ ಎಂಬ ಓನ್ ಓದಿನ ಚಿಹ್ನೆಗೆ ನೀರಿನ ಘಟಕ ಸೇರಿದರೆ ‘ಶುದ್ಧ’, ಸೂರ್ಯನ ಘಟಕ ಸೇರಿದರೆ ‘ಮೋಡವಿಲ್ಲದ ಆಕಾಶ’, ಮಾತಿನ ಘಟಕ ಸೇರಿದರೆ ‘ವಿನಂತಿ’. ಮೂರರ ಓನ್ ಓದೂ ‘ಸೇ’ ಎಂದೇ. ನೀಲಿಗೂ ವಿನಂತಿಗೂ ಕಥೆ ಹೆಣೆಯಲು ಶ್ರಮಪಡುವ ಕಲಿಯುವವರಿಗೆ, ಅದೇ ಘಟಕವು ಬಿಟ್ಟಿಯಾಗಿ ಕೊಡುತ್ತಿದ್ದ ಧ್ವನಿಯ ಸುಳಿವು ಕಾಣದೆ ಹೋಗುತ್ತದೆ. ಹೈಸಿಗ್ ಅವರ ಎರಡನೆಯ ಸಂಪುಟವು ಈ ಸುಳಿವನ್ನು ಬಳಸುತ್ತದೆ ನಿಜ. ಆದರೆ ಅಷ್ಟರಲ್ಲಿ ಎರಡು ಸಾವಿರ ಚಿಹ್ನೆಗಳು ಧ್ವನಿಯಿಲ್ಲದೆ ಮನಸ್ಸಿನಲ್ಲಿ ಕೂತಿರುತ್ತವೆ. ಜಪಾನಿ ಬರಹಗಾರರ ತಪ್ಪುಗಳನ್ನು ಕುರಿತು ರಿಚರ್ಡ್ ಹೊರೊಡೆಕ್ 1987ರಲ್ಲಿ ಸಲ್ಲಿಸಿದ ಪ್ರಬಂಧವು ಓದು ಒಂದೇ ಆಗಿದ್ದು ಅರ್ಥ ಬೇರೆಯಾದ ಕಾಂಜಿಯನ್ನು ತಪ್ಪಾಗಿ ಬಳಸುವುದೇ ಹೆಚ್ಚೆಂದು ತೋರಿಸಿತು. ಬಲ್ಲವರ ಮನಸ್ಸಿನಲ್ಲಿ ಕಾಂಜಿಯು ಧ್ವನಿಯೊಂದಿಗೇ ನೆಲೆಸಿದೆ ಎಂಬುದಕ್ಕೆ ಇದು ಪುರಾವೆ.

3. ಕನ್ನಡದ ಓದಿನೊಳಗಿನ ಪದಲಿಪಿ

ಕಾಂಜಿಯು ಕನ್ನಡಿಗರಿಗೆ ತೀರ ಅನ್ಯವೆಂದು ತೋರುವುದಕ್ಕೆ ಕಾರಣ, ನಮ್ಮ ಲಿಪಿ ಬರೆದಂತೆ ಓದುವಂಥದ್ದು ಎಂಬ ನಂಬಿಕೆ. ಜಪಾನಿಯ ಕಾನಾ ಲಿಪಿಗಳ ಮಟ್ಟಿಗೆ ಕನ್ನಡಿಗರಿಗೆ ಅನುಕೂಲವಿದೆ. ಅ-ಇ-ಉ-ಎ-ಒ, ಕ-ಸ-ತ-ನ-ಹ-ಮ-ಯ-ರ-ವ ಎಂಬ ಕಾನಾ ಅನುಕ್ರಮವು ಬೌದ್ಧರ ಸಿದ್ಧಂ ಅಧ್ಯಯನದ ಮೂಲಕ ಭಾರತೀಯ ವರ್ಣಮಾಲೆಯಿಂದಲೇ ಜಪಾನಿಗೆ ಹೋದದ್ದು. ಕಾಂಜಿಯ ಬಳಿ ಬಂದಾಗ ಈ ಅನುಕೂಲ ನಿಂತುಹೋಗುತ್ತದೆ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ.

ಆದರೆ ಕನ್ನಡದ ದಿನಬಳಕೆಯ ಬರಹದಲ್ಲಿಯೂ ಪದಲಿಪಿಯ ಓದು ಇದೆ. ‘ತಾ॥ ಸಿಂದಗಿ, ಜಿ॥ ವಿಜಯಪುರ’ ಎಂಬ ವಿಳಾಸವನ್ನು ಯಾರೂ ‘ತಾ ಸಿಂದಗಿ’ ಎಂದು ಓದುವುದಿಲ್ಲ. ಲಗ್ನಪತ್ರಿಕೆಯ ‘ಚಿ॥’ ಎಂಬುದು ‘ಚಿರಂಜೀವಿ’ ಆಗುತ್ತದೆ. ‘1ನೇ’ ಎಂಬುದನ್ನು ತಾರೀಖಿನ ಮುಂದೆ ‘ಒಂದನೇ’ ಎಂದೂ, ಬಹುಮಾನದ ಮುಂದೆ ‘ಮೊದಲನೇ’ ಎಂದೂ ಓದುತ್ತೇವೆ. ಒಂದೇ ಚಿಹ್ನೆ, ಎರಡು ಓದು. ಆಯ್ಕೆ ಮಾಡುವುದು ನೆರೆಯ ಪದ. ಓನ್ ಮತ್ತು ಕುನ್ ಓದುಗಳಲ್ಲಿ ನಡೆಯುವುದೂ ಇದೇ. ‘ನೀರು’ ಮತ್ತು ‘ಜಲ’ ಎರಡಕ್ಕೂ ನಾವು ಒಂದೇ ಚಿಹ್ನೆಯನ್ನು ಬರೆಯುತ್ತಿದ್ದರೆ, ‘ಮಳೆ’ಯ ಮುಂದೆ ಬಂದಾಗ ‘ನೀರು’ ಎಂದೂ, ‘ಆಶಯ’ದ ಹಿಂದೆ ಬಂದಾಗ ‘ಜಲ’ ಎಂದೂ ತಡವರಿಸದೆ ಓದುತ್ತಿದ್ದೆವು. ಹಾಗೆ ಓದಲು ಬೇಕಾದದ್ದು ಆ ಚಿಹ್ನೆಯ ಅರ್ಥವಲ್ಲ, ‘ಮಳೆನೀರು’ ಮತ್ತು ‘ಜಲಾಶಯ’ ಎಂಬ ಪದಗಳ ಪರಿಚಯ.

ಅಕ್ಷರಲಿಪಿಯ ಕಲಿಕೆಯೂ ಪಟ್ಟಿಯೊಂದರ ಕಂಠಪಾಠವಲ್ಲ ಎಂಬುದನ್ನು ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಓದನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅಕ್ಷರಜ್ಞಾನ ಪೂರ್ಣವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕಾಗುತ್ತವೆ. ಗುಣಿತಾಕ್ಷರ, ಒತ್ತಕ್ಷರಗಳ ಹಿಡಿತವು ನಿಧಾನವಾಗಿ ಬರುತ್ತದೆ. ವರ್ಣಮಾಲೆ ಗೊತ್ತಿದ್ದ ಮಾತ್ರಕ್ಕೆ ಓದು ಬರುವುದಿಲ್ಲ ಎಂಬ ಶಾಲೆಯ ಅನುಭವ ಶಾಸನದ ಓದಿಗೂ ಅನ್ವಯಿಸುತ್ತದೆ.

4. ಲಿಪಿವಿಕಾಸದ ಪಟ್ಟಿ ಮತ್ತು ನಾಲ್ಕು ತಾಲೂಕುಗಳ ಕಲ್ಲುಗಳು

ಭೀಮೆಯ ದಂಡೆಯ ಇಂಡಿ, ಸಿಂದಗಿಗಳಿಂದ ಕೃಷ್ಣೆಯ ಕಡೆಯ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳವರೆಗೆ ಹರಡಿದ ಈ ಸೀಮೆಯು ಶಾಸನಗಳಿಂದ ಸಮೃದ್ಧವಾದದ್ದು. ಇಂಡಿ ತಾಲೂಕಿನ ಸಾಲೋಟಗಿಯ ಸ್ತಂಭಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಶಕ 867, ಅಂದರೆ ಕ್ರಿ.ಶ. 945. ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಯನ್ನೂ, ಅಲ್ಲಿಗೆ ಬೇರೆ ಬೇರೆ ದೇಶಗಳಿಂದ ಬಂದ ವಿದ್ಯಾರ್ಥಿಗಳನ್ನೂ ಅದು ಹೇಳುತ್ತದೆ. ಸಂಸ್ಕೃತ ಮತ್ತು ಕನ್ನಡ ಎರಡೂ ಭಾಷೆಗಳ ಪಠ್ಯ ಆ ಕಂಬದಲ್ಲಿವೆ. ಬಸವನ ಬಾಗೇವಾಡಿ ತಾಲೂಕಿನ ಮನಗೂಳಿಯ ಕಲಚುರಿ ಕಾಲದ ಶಾಸನಗಳನ್ನು ಜೆ.ಎಫ್. ಫ್ಲೀಟ್ ಅವರು ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಸಂಪಾದಿಸಿದರು. ಕೌಮಾರ ವ್ಯಾಕರಣವನ್ನು ಕಲಿಸುವವರಿಗೆ ಬಿಟ್ಟ ಭೂಮಿಯ ಉಲ್ಲೇಖ ಅಲ್ಲಿದೆ. ಈ ಸೀಮೆಯವರೇ ಶಾಸನಾಧ್ಯಯನವನ್ನು ಮುಂದಕ್ಕೆ ಒಯ್ದ ನಿದರ್ಶನವೂ ಉಂಟು: ಎಂ.ಎಂ. ಕಲಬುರ್ಗಿಯವರು ಹುಟ್ಟಿದ್ದು ಸಿಂದಗಿ ತಾಲೂಕಿನ ಯರಗಲ್ಲಿನಲ್ಲಿ.

ಇಂತಹ ಊರೊಂದರ ಶಿಕ್ಷಕರೋ ರೈತರೋ ತಮ್ಮ ಗುಡಿಯ ಮುಂದಿನ ಕಲ್ಲನ್ನು ಓದಲು ಹೊರಟರೆ ಅವರ ಕೈಗೆ ಮೊದಲು ಬರುವುದು ಲಿಪಿವಿಕಾಸದ ಪಟ್ಟಿ. ಬ್ರಾಹ್ಮಿಯಿಂದ ಇಂದಿನವರೆಗೆ ‘ಅ’ ಹೇಗೆ ಬದಲಾಯಿತು, ‘ಕ’ ಹೇಗೆ ಬದಲಾಯಿತು ಎಂದು ಶತಮಾನಗಳ ಕೋಷ್ಟಕದಲ್ಲಿ ತೋರಿಸುವ ಪಟ್ಟಿ ಅದು. ಬರ್ನೆಲ್ ಅವರ 1874ರ ಗ್ರಂಥದಿಂದ ಇಂದಿನ ಕನ್ನಡ ಕೈಪಿಡಿಗಳವರೆಗೆ ಈ ಕ್ರಮ ನಡೆದುಬಂದಿದೆ. ಲಿಪಿಯ ಚರಿತ್ರೆಯನ್ನು ತಿಳಿಯಲು ಅದು ಅಗತ್ಯವೇ. ಓದಲು ಕಲಿಸುವ ಸಾಧನವಾಗಿ ನೋಡಿದಾಗ ಮಾತ್ರ ಅದರ ಕೊರತೆ ಕಾಣುತ್ತದೆ. ಸೂಚಕಪದ ವಿಧಾನದಂತೆಯೇ ಅದು ಚಿಹ್ನೆಯನ್ನು ಪದದಿಂದ ಹೊರತೆಗೆದು, ಚಿಹ್ನೆಗಳನ್ನು ಗುರುತಿಸಿದರೆ ಓದು ತಾನಾಗಿ ಬರುತ್ತದೆ ಎಂದು ಭಾವಿಸುತ್ತದೆ.

ಕಲ್ಲಿನ ಎದುರು ಮೂರು ತೊಡಕುಗಳು ಕೂಡಲೇ ಎದುರಾಗುತ್ತವೆ. ಮೊದಲನೆಯದು ರೂಪಭೇದ. ಕಾಂಜಿಯ ಕಷ್ಟ ಸಂಖ್ಯೆಯದು. ಮುದ್ರಿತ ಕಾಂಜಿಯ ರೂಪ ಸ್ಥಿರ. ಶಾಸನಲಿಪಿಯಲ್ಲಿ ಮೂಲಾಕ್ಷರಗಳು ಐವತ್ತರ ಆಸುಪಾಸು, ಆದರೆ ಪ್ರತಿಯೊಂದಕ್ಕೂ ಲಿಪಿಕಾರನಿಂದ ಲಿಪಿಕಾರನಿಗೆ ರೂಪಗಳು ಬದಲು. ಹತ್ತನೆಯ ಶತಮಾನದಿಂದ ಮುಂದಿನ ಶಾಸನಗಳಲ್ಲಿ ಮ, ಯ, ವಗಳ ಓಟದ ಬರಹದ ರೂಪಗಳು ಎಂದಿನ ರೂಪಗಳ ಜೊತೆಗೇ ಒಂದೇ ಕಲ್ಲಿನಲ್ಲಿ ಬರುವುದನ್ನು ಶಾಸನ ಸಂಪಾದಕರು ಮತ್ತೆ ಮತ್ತೆ ಗುರುತಿಸಿದ್ದಾರೆ. ಶತಮಾನಕ್ಕೊಂದು ರೂಪ ಕೊಡುವ ಪಟ್ಟಿಯಲ್ಲಿ ಈ ಸಹಬಾಳ್ವೆಗೆ ಜಾಗವಿಲ್ಲ.

ಎರಡನೆಯದು ಲಿಪಿಯ ಅಪೂರ್ಣತೆ. ಹಳಗನ್ನಡ ಶಾಸನಗಳಲ್ಲಿ ಹ್ರಸ್ವ ಎ, ಒಗಳಿಗೂ ದೀರ್ಘ ಏ, ಓಗಳಿಗೂ ಬೇರೆ ಗುರುತಿಲ್ಲ. ‘ಕೊಡು’ ಮತ್ತು ‘ಕೋಡು’ ಒಂದೇ ಬಗೆಯಲ್ಲಿ ಬರೆಯಲ್ಪಡುತ್ತವೆ. ದಾನವನ್ನು ಹೇಳುವ ವಾಕ್ಯದಲ್ಲಿ ಅದು ‘ಕೊಡು’ ಎಂದು ತಿಳಿಯುವುದು ಪದದಿಂದ, ವಾಕ್ಯದಿಂದ, ಅಕ್ಷರದಿಂದಲ್ಲ. ಪದಗಳ ನಡುವೆ ಬಿಡುವೂ ಇಲ್ಲ. ಸಾಲಿನ ಕೊನೆಯಲ್ಲಿ ಪದ ಎಲ್ಲಿ ಬೇಕಾದರೂ ಮುರಿಯುತ್ತದೆ. ಅಕ್ಷರಲಿಪಿಯನ್ನು ಓದಲು ಪದಜ್ಞಾನ ಬೇಡವೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಮೂರನೆಯದು ಸಂಕ್ಷೇಪಗಳು. ದತ್ತಿಯ ವಿವರದಲ್ಲಿ ಅಂಕಿಯ ಹಿಂದೆ ಬರುವ ‘ಗ’ ಎಂಬುದು ‘ಗದ್ಯಾಣ’; ‘ಮ’ ಎಂಬುದು ‘ಮತ್ತರು’. ಪಟ್ಟಿಯ ಪ್ರಕಾರ ಇವು ಬರಿಯ ಅಕ್ಷರಗಳು. ಓದಿನಲ್ಲಿ ಇವು ಕಾಂಜಿಯಂತೆಯೇ ಪದಚಿಹ್ನೆಗಳು. ವಿಭಕ್ತಿಯನ್ನು ಓದುವವರೇ ಕೂಡಿಸಿಕೊಳ್ಳಬೇಕು.

ಇವುಗಳ ಜೊತೆಗೆ ಗ್ರಂಥಗಳ ಸ್ವರೂಪದಿಂದ ಬಂದ ತೊಡಕೂ ಇದೆ. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳು ಅಂದಿನ ಬಾಂಬೆ ಕರ್ನಾಟಕದ ಶಾಸನಗಳಿಗೆ ಮೀಸಲಾಗಿವೆ. ಪಾಠಗಳು ಇಂದಿನ ಕನ್ನಡ ಅಚ್ಚಿನಲ್ಲಿವೆ. ಬಹುಪಾಲು ಪಾಠಗಳ ಜೊತೆ ಪಡಿಯಚ್ಚಿನ ಚಿತ್ರವಿಲ್ಲ. ಶಾಸನಗಳ ಜೋಡಣೆ ರಾಜವಂಶ ಮತ್ತು ಕಾಲಾನುಕ್ರಮದ್ದು. ಊರುಗಳು ಹಳೆಯ ತಾಲೂಕುಗಳ ಹೆಸರಿನಡಿ ಇವೆ. ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಪ್ರತ್ಯೇಕ ತಾಲೂಕುಗಳಾದ ಮೇಲೆ ಹುಡುಕುವವರಿಗೆ ಮತ್ತೊಂದು ಸುತ್ತು ಹೆಚ್ಚಿತು. ವಿದ್ವಾಂಸರ ಬಳಕೆಗೆ ಈ ಸಂಪುಟಗಳು ಅಮೂಲ್ಯ. ಕಲಿಯುವವರಿಗೆ ಮಾತ್ರ ಇವು ಉತ್ತರವನ್ನು ಕೊಟ್ಟು ಪ್ರಶ್ನೆಯನ್ನು ಮರೆಮಾಡುತ್ತವೆ. ಯಾವ ಕೆತ್ತನೆಯನ್ನು ನೋಡಿ ಸಂಪಾದಕರು ‘ವ’ ಎಂದು ಓದಿದರು ಎಂಬುದು ಅಚ್ಚಿನಲ್ಲಿ ಕಾಣುವುದಿಲ್ಲ.

5. ಸೂತ್ರವಾಕ್ಯ, ಒಳಗಿನ ಒರೆಗಲ್ಲು ಮತ್ತು ಹೆಸರುಗಳು

ಪದದಿಂದ ಆರಂಭಿಸುವ ಓದಿಗೆ ಶಾಸನಗಳಲ್ಲಿ ಅನುಕೂಲವೊಂದಿದೆ: ಅವು ಸೂತ್ರಬದ್ಧವಾದವು. ಕಲ್ಯಾಣ ಚಾಲುಕ್ಯರ ಶಾಸನಗಳು ಸಾಮಾನ್ಯವಾಗಿ ಬಾಣನ ಹರ್ಷಚರಿತದ ಶಿವಸ್ತುತಿಯಿಂದಲೋ ‘ಸ್ವಸ್ತಿ’ಯಿಂದಲೋ ತೊಡಗಿ, ದೊರೆಯ ಬಿರುದುಗಳು, ಕಾಲ, ದಾನಿ, ದತ್ತಿ, ಎಲ್ಲೆ, ಶಾಪಾಶಯ ಎಂಬ ಅನುಕ್ರಮದಲ್ಲಿ ನಡೆಯುತ್ತವೆ. ‘ಸಮಸ್ತಭುವನಾಶ್ರಯ’ ಎಂಬ ಒಂದೇ ಬಿರುದನ್ನು ಮೊದಲೇ ಬಲ್ಲವರಿಗೆ ಸ, ಮ, ತ, ಭ, ವ, ನ, ಯಗಳೂ ಎರಡು ಒತ್ತಕ್ಷರಗಳೂ ಒಮ್ಮೆಗೇ ಪರಿಚಯವಾಗುತ್ತವೆ. ಮುಂದಿನ ಸಾಲುಗಳಿಗೆ ಅವೇ ಕೀಲಿ. ಜಪಾನಿ ಕಲಿಯುವವರಿಗೆ ರೈಲು ನಿಲ್ದಾಣದ ಫಲಕಗಳು ಮಾಡುವ ಉಪಕಾರವನ್ನು ಇಲ್ಲಿ ಬಿರುದಾವಳಿ ಮಾಡುತ್ತದೆ. ನಿಶ್ಚಿತ ಜಾಗದಲ್ಲಿ ನಿಶ್ಚಿತ ಪದ ಬರುತ್ತದೆ ಎಂಬ ನಿರೀಕ್ಷೆಯೇ ಮೊದಲ ಪಾಠ.

ಗುರುವಿಲ್ಲದವರಿಗೆ ತಮ್ಮ ಓದು ಸರಿಯೇ ತಪ್ಪೇ ಎಂದು ಹೇಳುವವರು ಬೇಕು. ಕಾಂಜಿಗೆ ನಿಘಂಟುಗಳಿವೆ. ಶಾಸನದಲ್ಲಿ ಆ ಕೆಲಸವನ್ನು ಪಠ್ಯವೇ ಮೂರು ಬಗೆಯಲ್ಲಿ ಮಾಡುತ್ತದೆ, ಮತ್ತು ಸ್ವಯಂಕಲಿಕೆಯ ಕೈಪಿಡಿಗಳು ಇದಕ್ಕೆ ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ.

ಒಂದು, ಸಂವತ್ಸರ. ದಕ್ಷಿಣದ ಪದ್ಧತಿಯಲ್ಲಿ ಗತಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಪ್ರಭವಾದಿ ಸಂವತ್ಸರದ ಕ್ರಮಸಂಖ್ಯೆ. ಗತಶಕ 1083ಕ್ಕೆ ಶೇಷ 15, ಸಂವತ್ಸರ ವೃಷ. ಚಾಳುಕ್ಯ ವಿಕ್ರಮ ವರ್ಷದ ಎಣಿಕೆ ಕ್ರಿ.ಶ. 1076ರ ನಳ ಸಂವತ್ಸರದಿಂದ ತೊಡಗುತ್ತದೆ. ಸವೆದ ಅಂಕಿಯನ್ನು ಸಂವತ್ಸರದ ಹೆಸರಿನಿಂದಲೂ, ಸವೆದ ಹೆಸರನ್ನು ಅಂಕಿಯಿಂದಲೂ ಪರೀಕ್ಷಿಸಬಹುದು. ಎರಡೂ ಒಂದು ವರ್ಷದಷ್ಟು ಹೊಂದದಿದ್ದರೆ ವರ್ಷವು ಗತವೋ ವರ್ತಮಾನವೋ ಎಂದು ಯೋಚಿಸಬೇಕು. ಹೆಚ್ಚು ಅಂತರವಿದ್ದರೆ ಕಲ್ಲಿನ ಬಳಿಗೆ ಮರಳಬೇಕು.

ಎರಡು, ಪ್ರಾಸ. ಶಾಸನದ ಕನ್ನಡ ಪದ್ಯಗಳಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ನಾಲ್ಕು ಪಾದಗಳಲ್ಲಿ ಮೂರರ ಪ್ರಾಸಾಕ್ಷರ ಸ್ಪಷ್ಟವಿದ್ದರೆ ನಾಲ್ಕನೆಯದರ ಸವೆದ ಅಕ್ಷರ ಊಹೆಯಾಗಿ ಉಳಿಯುವುದಿಲ್ಲ. ಪಾದ ಎಲ್ಲಿ ತೊಡಗುತ್ತದೆ ಎಂಬುದನ್ನು ಸಾಲುಗಳು ಹೇಳದಿದ್ದರೂ ಪ್ರಾಸ ಹೇಳುತ್ತದೆ.

ಮೂರು, ಮಾತ್ರೆ. ಕಂದಪದ್ಯದಲ್ಲಿ ನಾಲ್ಕು ಮಾತ್ರೆಯ ಗಣಗಳು ಪಾದಗಳಲ್ಲಿ ಕ್ರಮವಾಗಿ ಮೂರು, ಐದು, ಮೂರು, ಐದರಂತೆ ಬರುತ್ತವೆ. ಒಟ್ಟು 64 ಮಾತ್ರೆ. ಲಿಪಿ ಗುರುತಿಸದ ಎ–ಏ, ಒ–ಓ ಭೇದವನ್ನು ಛಂದಸ್ಸು ಬಹಳ ಕಡೆ ಗುರುತಿಸುತ್ತದೆ. ‘ಕೊಡು’ ಎಂದು ಓದಿದಾಗ ಒಂದು ಮಾತ್ರೆ ಕಡಿಮೆ ಬಿದ್ದರೆ ‘ಕೋಡು’ ಎಂಬ ಸಾಧ್ಯತೆಯನ್ನು ನೋಡಬೇಕು. ಛಂದಸ್ಸಿನ ಪಾಠವನ್ನು ಹಳಗನ್ನಡ ಕಾವ್ಯದ ಅಲಂಕಾರವೆಂದು ಬದಿಗಿಟ್ಟ ಶಾಸನ ವಿದ್ಯಾರ್ಥಿಗಳು ಲಿಪಿ ಕೊಡಲಾಗದ ಮಾಹಿತಿಯ ಆಕರವೊಂದನ್ನೇ ಕಳೆದುಕೊಳ್ಳುತ್ತಾರೆ.

ಸೂತ್ರಗಳು ಕೈಬಿಡುವ ಜಾಗ ಹೆಸರುಗಳದ್ದು. ಜಪಾನಿಯಲ್ಲಿಯೂ ವ್ಯಕ್ತಿನಾಮ, ಸ್ಥಳನಾಮಗಳ ಕಾಂಜಿಗಳನ್ನು ಬಲ್ಲವರು ಸಹ ಕೇಳಿಯೇ ಓದಬೇಕಾಗುತ್ತದೆ. ಶಾಸನದ ‘ಮಣಿಂಗವಳ್ಳಿ’ ಇಂದಿನ ‘ಮನಗೂಳಿ’ ಎಂದು ತಿಳಿಯಲು ಲಿಪಿಜ್ಞಾನ ಸಾಲದು. ಆದರೆ ಊರಿನವರಿಗೆ ಇಲ್ಲಿ ಹೊರಗಿನ ವಿದ್ವಾಂಸರಿಗಿಂತ ಹೆಚ್ಚಿನ ಬಲವಿದೆ. ಎಲ್ಲೆಯ ವಿವರದಲ್ಲಿ ಬರುವ ಹಳ್ಳ, ದಿಬ್ಬ, ಎರೆಹೊಲಗಳ ಹೆಸರುಗಳು ಅವರ ಬಾಯಲ್ಲಿ ಇನ್ನೂ ಇರಬಹುದು. ಅದೇ ಪರಿಚಯ ಮೋಸವನ್ನೂ ಮಾಡುತ್ತದೆ: ಎಲ್ಲೆಯ ವಾಕ್ಯದ ‘ಬಟ್ಟೆ’ ಉಡುವ ಬಟ್ಟೆಯಲ್ಲ, ದಾರಿ.

ಪದದಿಂದ ಓದುವ ಕ್ರಮದ ಅಪಾಯವೂ ಇಲ್ಲಿಯೇ ಇದೆ. ಗೊತ್ತಿರುವ ಪದವನ್ನು ನಿರೀಕ್ಷಿಸುವ ಕಣ್ಣು ಕಲ್ಲಿನಲ್ಲಿ ಇಲ್ಲದ್ದನ್ನೂ ಕಾಣುತ್ತದೆ. ಕಲ್ಲಿನಲ್ಲಿ ‘ಪಳ್ಳಿ’ ಇದ್ದರೆ ‘ಹಳ್ಳಿ’ ಎಂದೂ, ‘ಏೞು’ ಇದ್ದರೆ ‘ಏಳು’ ಎಂದೂ ಓದಿಬಿಡುವುದು ಸುಲಭ. ಪಕಾರವು ಹಕಾರವಾದದ್ದು, ೞಕಾರವು ಳಕಾರ ಅಥವಾ ರಕಾರದಲ್ಲಿ ಲೀನವಾದದ್ದು ಕನ್ನಡದ ಧ್ವನಿಚರಿತ್ರೆಯ ಮುಖ್ಯ ಘಟನೆಗಳು. ಅವುಗಳ ಕಾಲನಿರ್ಣಯಕ್ಕೆ ಆಧಾರ ಇಂತಹ ಕಲ್ಲುಗಳೇ. ಎ.ಎನ್. ನರಸಿಂಹಯ್ಯನವರ 1941ರ ವ್ಯಾಕರಣವೂ, ಜಿ.ಎಸ್. ಗಾಯಿಯವರ 1946ರ ಐತಿಹಾಸಿಕ ವ್ಯಾಕರಣವೂ ಶಾಸನಗಳ ಅಕ್ಷರಶಃ ಪಾಠವನ್ನು ನಂಬಿ ನಿಂತಿವೆ. ಅರ್ಥ ಕೆಡದ ಓದಿನಲ್ಲಿಯೂ ಭಾಷಾವಿಜ್ಞಾನಕ್ಕೆ ಬೇಕಾದ ಸಾಕ್ಷ್ಯ ಕೆಡಬಹುದು.

ಆದ್ದರಿಂದ ಎರಡು ಸುತ್ತಿನ ಓದು ಅಗತ್ಯ. ಮೊದಲ ಸುತ್ತಿನಲ್ಲಿ ಸೂತ್ರ, ವಾಕ್ಯ, ಛಂದಸ್ಸುಗಳ ನೆರವಿನಿಂದ ಪದಗಳನ್ನು ಹಿಡಿಯಬೇಕು. ಎರಡನೆಯ ಸುತ್ತಿನಲ್ಲಿ ಅರ್ಥವನ್ನು ಬದಿಗಿಟ್ಟು ಪ್ರತಿ ಅಕ್ಷರವನ್ನೂ ಅದರ ರೇಖೆಗಳಿಂದಲೇ ಪರೀಕ್ಷಿಸಿ, ಸಂಶಯವಿದ್ದದ್ದನ್ನು ಕಂಸದಲ್ಲಿ ಗುರುತಿಸಬೇಕು. ಹೈಸಿಗ್ ಅವರ ಘಟಕ ವಿಶ್ಲೇಷಣೆಗೆ ಸರಿಯಾದ ಸ್ಥಾನ ಈ ಎರಡನೆಯ ಸುತ್ತು. ಮ–ವ, ಪ–ವ, ರ–ಱ ಮೊದಲಾದ ಹತ್ತಿರದ ರೂಪಗಳನ್ನು ಜೋಡಿಗಳಾಗಿ ಇಟ್ಟು ಭೇದಕ ರೇಖೆಯನ್ನು ಹೆಸರಿಸಿ ಕಲಿಯುವುದಕ್ಕೆ ಅದು ಒಳ್ಳೆಯ ಮಾದರಿ. ಲಿಪಿವಿಕಾಸದ ಪಟ್ಟಿಯೂ ಈ ಹಂತದಲ್ಲಿ ಉಪಯುಕ್ತ.

6. ಜಪಾನಿನ ಇನ್ನೊಂದು ಪೂರ್ವನಿದರ್ಶನ

ಶಾಸನದ ಓದಿಗೆ ಜಪಾನಿನಲ್ಲಿ ನಿಜವಾಗಿ ಸಮನಾದದ್ದು ಮುದ್ರಿತ ಕಾಂಜಿಯಲ್ಲ, ಕುಜುಶಿಜಿ ಎಂಬ ಹಳೆಯ ಓಟದ ಬರಹ. 1900ರಲ್ಲಿ ಪ್ರಾಥಮಿಕ ಶಾಲೆಗಳಿಗೆ ಹಿರಾಗಾನಾದ ಒಂದೊಂದೇ ರೂಪವನ್ನು ನಿಗದಿಮಾಡಿದ ಮೇಲೆ, ಅದಕ್ಕೂ ಹಿಂದಿನ ಬರಹಗಳು ಸುಶಿಕ್ಷಿತ ಜಪಾನಿಯರಿಗೂ ಅಪರಿಚಿತವಾಗುತ್ತ ಹೋದವು. ಭಾಷೆ ತಮ್ಮದೇ, ಲಿಪಿ ಕೈತಪ್ಪಿದ್ದು: ಇದು ಹಳಗನ್ನಡ ಶಾಸನದ ಮುಂದೆ ಕನ್ನಡಿಗರ ಸ್ಥಿತಿಯೇ.

ಇದಕ್ಕೆ ಅಲ್ಲಿ ಕಂಡುಕೊಂಡ ಪರಿಹಾರ ಗಮನಾರ್ಹ. ಕ್ಯೋಟೋ ವಿಶ್ವವಿದ್ಯಾಲಯದ ಭೂಕಂಪ ಚರಿತ್ರೆಯ ಸಂಶೋಧಕರು 2017ರಲ್ಲಿ ‘ಮಿನ್ನಾ ದೆ ಹೊನ್ಕೊಕು’ ಎಂಬ ಯೋಜನೆಯನ್ನು ಆರಂಭಿಸಿದರು. ‘ಎಲ್ಲರೂ ಕೂಡಿ ಲಿಪ್ಯಂತರ’ ಎಂಬುದು ಆ ಹೆಸರಿನ ಅರ್ಥ. ಹಳೆಯ ಭೂಕಂಪಗಳ ದಾಖಲೆಗಳ ಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟು, ಅವರು ಓದಿದ್ದನ್ನು ಇತರರು ತಿದ್ದುವ ವ್ಯವಸ್ಥೆ ಮಾಡಿದರು. ಒಸಾಕಾ ವಿಶ್ವವಿದ್ಯಾಲಯದ ಕಲಿಕಾ ತಂತ್ರಾಂಶ ಅದಕ್ಕೆ ಮೊದಲೇ ಬಂದಿತ್ತು. 2021ರಲ್ಲಿ ಬಂದ ‘ಮಿವೊ’ ಎಂಬ ತಂತ್ರಾಂಶ ಚಿತ್ರದಲ್ಲಿನ ಅಕ್ಷರಗಳನ್ನು ಯಂತ್ರದಿಂದ ಗುರುತಿಸಿ ತೋರಿಸುತ್ತದೆ. ಹೊನ್ಕೊಕು ಯೋಜನೆಯಲ್ಲಿ ಚಿತ್ರ, ಪಾಠ, ತಿದ್ದುಪಡಿ ಮೂರೂ ಒಟ್ಟಿಗೆ ಸಿಗುತ್ತವೆ. ಕಲಿಯುವವರು ನಿಜವಾದ ದಾಖಲೆಯ ಮೇಲೆಯೇ ಕಲಿಯುತ್ತಾರೆ.

ಕರ್ನಾಟಕದಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿಯು ಬೆಂಗಳೂರು ಪ್ರದೇಶದ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗ್ ಕೈಗೊಂಡಿದೆ. ಈ ನಾಲ್ಕು ತಾಲೂಕುಗಳ ಕಲ್ಲುಗಳಿಗೆ ಇಂತಹ ಕೆಲಸದ ತುರ್ತು ಕಡಿಮೆಯಲ್ಲ. ದೇವರೆಂದು ಎಣ್ಣೆ, ಸುಣ್ಣ, ಬಣ್ಣ ಕಂಡ ಕಲ್ಲಿನಲ್ಲಿ ಭೇದಕ ರೇಖೆಯೇ ಮೊದಲು ಮುಚ್ಚಿಹೋಗುತ್ತದೆ.

7. ಉಪಸಂಹಾರ

ಮೇಲಿನ ಚರ್ಚೆಯಿಂದ ಎರಡು ನಿರ್ಣಯಗಳಿಗೆ ಬರಬಹುದು. ಸೈದ್ಧಾಂತಿಕವಾಗಿ, ಪದಲಿಪಿ ಮತ್ತು ಅಕ್ಷರಲಿಪಿ ಎಂಬ ವರ್ಗೀಕರಣ ಲಿಪಿಯ ರಚನೆಯನ್ನು ವಿವರಿಸುತ್ತದೆ, ಓದುವ ಕ್ರಿಯೆಯನ್ನಲ್ಲ. ಕಾಂಜಿಯ ಓದಿನಲ್ಲಿ ಧ್ವನಿ ಇದೆ. ಶಾಸನದ ಓದಿನಲ್ಲಿ ಪದದ ಇಡೀ ಗುರುತಿಸುವಿಕೆ ಇದೆ. ಎರಡರ ನಡುವಿನ ವ್ಯತ್ಯಾಸ ಪ್ರಮಾಣದ್ದು.

ಅನ್ವಯಿಕವಾಗಿ, ಶಾಸನಗಳ ಸ್ವಯಂಕಲಿಕೆಗೆ ಬೇಕಾದದ್ದು ಇನ್ನೊಂದು ಲಿಪಿಪಟ್ಟಿಯಲ್ಲ, ಒಂದು ಸೀಮೆಗೆ ಸೀಮಿತವಾದ ಪಾಠಮಾಲೆ. ಕಾಲ ನಿಶ್ಚಿತವಾದ ಹತ್ತು ಹನ್ನೆರಡು ಕಲ್ಲುಗಳು. ಪ್ರತಿಯೊಂದಕ್ಕೂ ಸ್ಪಷ್ಟ ಛಾಯಾಚಿತ್ರ ಅಥವಾ ಪಡಿಯಚ್ಚು. ಸಾಲಿಗೆ ಎದುರು ಸಾಲಿನಂತೆ ಅಕ್ಷರಶಃ ಪಾಠ. ಸೂತ್ರಭಾಗ ಮೊದಲು, ಪದ್ಯ ಅನಂತರ, ಎಲ್ಲೆ ಮತ್ತು ಹೆಸರುಗಳು ಕೊನೆಗೆ. ಸಾಲೋಟಗಿ, ಮನಗೂಳಿಗಳ ಪ್ರಕಟಿತ ಶಾಸನಗಳು ಇದಕ್ಕೆ ಸಿದ್ಧ ಸಾಮಗ್ರಿ. ಸಿಂದಗಿ, ಮುದ್ದೇಬಿಹಾಳ ತಾಲೂಕುಗಳ ಕಲ್ಲುಗಳನ್ನು ಮೇಲಿನ ಸಂಪುಟಗಳಿಂದ ಆಯ್ದು, ಸ್ಥಳದಲ್ಲಿ ಮತ್ತೆ ಚಿತ್ರ ತೆಗೆಯಬೇಕಾಗುತ್ತದೆ. ಸಂಶೋಧನ ವಿದ್ಯಾರ್ಥಿಯೊಬ್ಬರು ಒಂದು ತಾಲೂಕನ್ನು ಆರಿಸಿಕೊಂಡರೂ ಕೆಲಸ ಆರಂಭವಾಗುತ್ತದೆ. ಆ ಪಾಠಮಾಲೆಯಿಂದ ಕಲಿತವರ ಓದಿನಲ್ಲಿ ಯಾವ ತಪ್ಪುಗಳು ಉಳಿಯುತ್ತವೆ ಎಂಬುದನ್ನು ಹೊರೊಡೆಕ್ ಅವರ ಮಾದರಿಯಲ್ಲಿ ದಾಖಲಿಸಿದರೆ, ಪದವೂ ಚಿಹ್ನೆಯೂ ಓದಿನಲ್ಲಿ ಎಷ್ಟೆಷ್ಟು ಪಾಲು ಪಡೆಯುತ್ತವೆ ಎಂಬ ಪ್ರಶ್ನೆಗೆ ಕನ್ನಡದಿಂದಲೇ ಪುರಾವೆ ದೊರೆಯುತ್ತದೆ.